ಸ್ವಂತದ್ದೊಂದು ಚಿಕ್ಕ ಜಾವಾಸ್ಕ್ರಿಪ್ಟ್ ಲೈಬ್ರರಿ ಬರೆದು ಕಲಿಯಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬೆಣ್ಣೆದೋಸೆ_ಪ್ರಿಯ
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಫ್ರಂಟ್‌ಎಂಡ್ ಕೆಲಸ. ರಿಯಾಕ್ಟ್ ಬರುತ್ತದೆ, ದಿನದ ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಭಾಷೆಯ ಒಳಗೆ ಏನು ನಡೆಯುತ್ತದೆ ಅನ್ನೋದು ಇನ್ನೂ ಗಟ್ಟಿಯಾಗಿಲ್ಲ. ಲೋಡ್ಯಾಶ್ ಅನ್ನೋ ಲೈಬ್ರರಿಯಿಂದ ಡಿಬೌನ್ಸ್ (ಟೈಪ್ ಮಾಡೋದು ನಿಂತ ಮೇಲೆ ಒಂದೇ ಸಲ ಓಡಿಸುವ ಫಂಕ್ಷನ್) ತಂದು ಸರ್ಚ್ ಬಾಕ್ಸ್‌ಗೆ ಹಾಕುತ್ತೇನೆ, ಕೆಲಸ ಆಗುತ್ತದೆ. ಅದನ್ನೇ ನೀನೇ ಬರಿ ಅಂದರೆ ಕೈ ನಿಂತುಬಿಡುತ್ತದೆ.

ಅದಕ್ಕೇ ಚಂಕ್ (ಅರೇ ಅಂದರೆ ಪಟ್ಟಿಯನ್ನು ತುಂಡು ಮಾಡೋದು), ರೇಂಜ್, ಗ್ರೂಪ್‌ಬೈ, ಡೀಪ್ ಕ್ಲೋನ್ (ಒಳಗಿನದ್ದೂ ಸೇರಿ ಪೂರ್ತಿ ನಕಲು), ಡಿಬೌನ್ಸ್, ಶಫಲ್ (ಕಲೆಸೋದು) ಇಂಥವನ್ನೆಲ್ಲ ಸೇರಿಸಿ ನನ್ನದೇ ಒಂದು ಪುಟ್ಟ ಲೈಬ್ರರಿ ಮಾಡೋಣ ಅಂತಿದ್ದೇನೆ. ರೂಮ್‌ಮೇಟ್ ಹೇಳುವುದು ಬೇರೆ: "ಇರೋದನ್ನೇ ಮತ್ತೆ ಬರೆದು ಏನು ಸಿಗುತ್ತೆ? ಅದೇ ಹೊತ್ತಲ್ಲಿ ಒಂದು ಆಪ್ ಮಾಡು."

ಇದು ನಿಜವಾಗಿ ಕಲಿಸುತ್ತದಾ? ಯಾವ ಫಂಕ್ಷನ್‌ಗಳಿಂದ ಶುರು ಮಾಡಲಿ? ಕೊನೆಗೆ ಎನ್‌ಪಿಎಂಗೆ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಎಲ್ಲರಿಗೂ ಹಂಚುವ ಜಾಗ) ಹಾಕಬೇಕಾ, ಗಿಟ್‌ಹಬ್‌ನಲ್ಲಿಟ್ಟರೆ ಸಾಕಾ?

ತುಂಗಾತೀರ
ಬರೆಯಿರಿ. ಎರಡು ಮಾತಿಲ್ಲ.

ಖಾರಮಂಡಕ್ಕಿ
ನಾನು ರೂಮ್‌ಮೇಟ್ ಪರ. ನೀವು ಕೊಟ್ಟ ಪಟ್ಟಿಯಲ್ಲಿ ಬಹಳಷ್ಟು ಈಗ ಭಾಷೆಯಲ್ಲೇ ಇದೆ. ಗ್ರೂಪ್‌ಬೈ 2024ರ ಆವೃತ್ತಿಯಲ್ಲಿ ಬಂತು. ಅರೇ ಚಪ್ಪಟೆ ಮಾಡುವ ಫ್ಲಾಟ್ 2019ರಲ್ಲೇ ಬಂದಿದೆ. ಸ್ಟ್ರಿಂಗ್‌ಗೆ ಮುಂದೆ ಸೊನ್ನೆ ತುಂಬುವ ಪ್ಯಾಡ್‌ಸ್ಟಾರ್ಟ್ 2017ರದ್ದು. ಡೀಪ್ ಕ್ಲೋನ್‌ಗೆ ಬ್ರೌಸರ್‌ನಲ್ಲೇ ಸ್ಟ್ರಕ್ಚರ್ಡ್‌ಕ್ಲೋನ್ ಇದೆ. ಆಬ್ಜೆಕ್ಟ್ ಒಳಗೆ ಇಳಿದು ಬೆಲೆ ತೆಗೆಯುವ ಗೆಟ್ ಫಂಕ್ಷನ್ ಬದಲು ಒಂದು ಪ್ರಶ್ನೆ ಚಿಹ್ನೆ, ಒಂದು ಚುಕ್ಕಿ ಹಾಕಿದರೆ ಆಯ್ತು. ಇನ್ನು ಬರೆಯೋದೇನು ಉಳಿಯಿತು?

ಕಪ್ಪುಮಣ್ಣು
@ಖಾರಮಂಡಕ್ಕಿ, ನೀವು ಹೇಳಿದ ಪಟ್ಟಿಯೇ ಇದನ್ನು ಬರೆಯಲು ಕಾರಣ ಆಗಬೇಕು. ಇವೆಲ್ಲ ಭಾಷೆಗೆ ಹೇಗೆ ಬಂದವು? ಅಂಡರ್‌ಸ್ಕೋರ್ ಅನ್ನೋ ಲೈಬ್ರರಿ ಬಂದದ್ದು 2009ರಲ್ಲಿ. ಅದರಿಂದ ಕವಲೊಡೆದು 2012ರಲ್ಲಿ ಲೋಡ್ಯಾಶ್ ಬಂತು. ಜನ ಅವನ್ನು ಬಳಸಿ ಬಳಸಿ, ಯಾವುದು ಎಲ್ಲರಿಗೂ ಬೇಕು ಅನ್ನೋದು ಗೊತ್ತಾಯ್ತು. ಆಮೇಲೆ ಒಂದೊಂದಾಗಿ ಭಾಷೆಯೊಳಗೆ ಸೇರಿದವು. ಹಾಗಾಗಿ ಒಂದು ಫಂಕ್ಷನ್ ತೆಗೆದುಕೊಂಡು ಮೊದಲು ನೀವೇ ಬರೆಯಿರಿ. ಆಮೇಲೆ ಭಾಷೆಯ ಆವೃತ್ತಿ ಜೊತೆ ಹೋಲಿಸಿ. ಅವರು ಬೇರೆ ರೀತಿ ಮಾಡಿದ್ದು ಯಾಕೆ ಅಂತ ಹುಡುಕಿ. ಕಲಿಕೆ ಇರೋದು ಅಲ್ಲಿ.

ಫ್ಲಾಟ್ ಅನ್ನೇ ನೋಡಿ. ಅದಕ್ಕೆ ಮೊದಲು ಇಟ್ಟ ಹೆಸರು ಫ್ಲಾಟನ್. 2018ರಲ್ಲಿ ಬ್ರೌಸರ್‌ನಲ್ಲಿ ಹಾಕಿ ನೋಡಿದಾಗ ಮೂಟೂಲ್ಸ್ ಅನ್ನೋ ಲೈಬ್ರರಿ ಬಳಸುತ್ತಿದ್ದ ಹಳೇ ಸೈಟು ಕೆಟ್ಟಿತು. ಯಾಕೆಂದರೆ ಮೂಟೂಲ್ಸ್ ಎಷ್ಟೋ ವರ್ಷ ಮೊದಲೇ ಅರೇಯ ಪ್ರೋಟೋಟೈಪ್‌ಗೆ (ಎಲ್ಲ ಅರೇಗಳೂ ಗುಣ ಪಡೆಯುವ ಮೂಲಕ್ಕೆ) ತನ್ನದೇ ಫ್ಲಾಟನ್ ಸೇರಿಸಿತ್ತು. ದೊಡ್ಡ ಚರ್ಚೆ ಆಗಿ ಕೊನೆಗೆ ಹೆಸರೇ ಬದಲಾಯ್ತು. ಅರೇಯಲ್ಲಿ ಒಂದು ಬೆಲೆ ಇದೆಯಾ ಅಂತ ನೋಡುವ ಇನ್‌ಕ್ಲೂಡ್ಸ್ ಕಥೆಯೂ ಅದೇ. ಅದು ಕಂಟೇನ್ಸ್ ಆಗಬೇಕಿತ್ತು, ಅಲ್ಲೂ ಮೂಟೂಲ್ಸ್ ಅಡ್ಡ ಬಂತು.

ಆದ್ದರಿಂದ ಮೊದಲ ನಿಯಮ: ನಿಮ್ಮ ಲೈಬ್ರರಿಯಲ್ಲಿ ಅರೇ, ಸ್ಟ್ರಿಂಗ್‌ನ ಪ್ರೋಟೋಟೈಪ್ ಮುಟ್ಟಬೇಡಿ. ಎಲ್ಲವನ್ನೂ ಬಿಡಿ ಫಂಕ್ಷನ್ ಆಗಿ ಬರೆದು ಎಕ್ಸ್‌ಪೋರ್ಟ್ ಮಾಡಿ.

ಖಾರಮಂಡಕ್ಕಿ
ಇತಿಹಾಸ ಒಪ್ಪಿದೆ. ಆದರೂ ಕೇಳುತ್ತೇನೆ, ಈಗ ಎಐಗೆ ಹೇಳಿದರೆ ಇಡೀ ಲೈಬ್ರರಿ ಟೆಸ್ಟ್ ಸಮೇತ ಬರೆದು ಕೊಡುತ್ತದೆ. ಕೈಯಲ್ಲಿ ಬರೆದವನಿಗೆ ಜಾಸ್ತಿ ಏನು ಸಿಕ್ಕಿತು?

ಶರಾವತಿ_ಕಣಿವೆ
ಅದು ಬರೆದದ್ದು ಸರಿಯೋ ತಪ್ಪೋ ಅಂತ ಹೇಳುವ ಕಣ್ಣು ಸಿಗುತ್ತದೆ. ನಾನು ಇಂಟರ್‌ವ್ಯೂ ತೆಗೆದುಕೊಳ್ಳುವ ಕಡೆ ಕೂರುತ್ತೇನೆ. ಡಿಬೌನ್ಸ್ ಕೋಡ್ ಬಾಯಿಪಾಠ ಹೇಳುವವರು ಬಹಳ. "ಇದನ್ನು ರಿಯಾಕ್ಟ್ ಕಾಂಪೊನೆಂಟ್ ಒಳಗೆ ನೇರ ಕರೆದರೆ ಯಾಕೆ ಕೆಲಸ ಮಾಡುವುದಿಲ್ಲ" ಅಂದರೆ ಮೌನ. ಪ್ರತಿ ರೆಂಡರ್‌ಗೂ ಹೊಸ ಡಿಬೌನ್ಸ್ ಹುಟ್ಟುತ್ತದೆ, ಹೊಸದಕ್ಕೆ ಹಳೇ ಟೈಮರ್ ಗೊತ್ತೇ ಇರುವುದಿಲ್ಲ. ಇದು ಸ್ವತಃ ಬರೆದವರಿಗೆ ತಕ್ಷಣ ಹೊಳೆಯುತ್ತದೆ. ಟೈಮರ್ ಐಡಿ ಎಲ್ಲಿ ಕೂತಿದೆ ಅಂತ ಅವರಿಗೆ ಗೊತ್ತಲ್ವಾ.

@ಬೆಣ್ಣೆದೋಸೆ_ಪ್ರಿಯ, ಡಿಬೌನ್ಸ್‌ನಿಂದಲೇ ಶುರು ಮಾಡಿ. ಮೊದಲ ರೂಪ ಕೆಲವೇ ಸಾಲು. ಹೊರಗಿನ ಫಂಕ್ಷನ್‌ನಲ್ಲಿ ಟೈಮರ್ ಇಡುವ ಒಂದು ವೇರಿಯಬಲ್. ಒಳಗಿನದು ಪ್ರತಿ ಬಾರಿ ಹಳೇ ಟೈಮರ್ ಅಳಿಸಿ ಹೊಸದು ಹಚ್ಚುತ್ತದೆ. ಕ್ಲೋಷರ್ (ಒಳಗಿನ ಫಂಕ್ಷನ್ ಹೊರಗಿನದರ ವೇರಿಯಬಲ್ ನೆನಪಿಟ್ಟುಕೊಳ್ಳೋದು) ಅಂದರೆ ಏನು ಅಂತ ಇಲ್ಲೇ ಅರ್ಥ ಆಗುತ್ತದೆ.

ಆಮೇಲೆ ಒಂದೊಂದೇ ಪ್ರಶ್ನೆ ಹಾಕಿಕೊಳ್ಳಿ. ಕೊನೆಯ ಕರೆಯ ಆರ್ಗ್ಯುಮೆಂಟ್‌ಗಳು ಮೂಲ ಫಂಕ್ಷನ್‌ಗೆ ತಲುಪುತ್ತವೆಯಾ? 'ದಿಸ್' (ಫಂಕ್ಷನ್ ಯಾವ ಆಬ್ಜೆಕ್ಟ್ ಮೇಲೆ ಓಡುತ್ತಿದೆ ಅನ್ನೋದು) ಉಳಿಯುತ್ತದಾ? ಒಳಗಿನದನ್ನು ಆ್ಯರೋ ಫಂಕ್ಷನ್ ಆಗಿ ಬರೆದರೆ ಕರೆದವರ 'ದಿಸ್' ಸಿಗುವುದಿಲ್ಲ, ಯಾಕೆ? ಪುಟ ಬಿಟ್ಟು ಹೋಗುವಾಗ ಕಾಯುತ್ತಿರುವ ಕರೆಯನ್ನು ರದ್ದು ಮಾಡುವುದು ಹೇಗೆ? ಮೊದಲ ಕ್ಲಿಕ್‌ಗೇ ಓಡಬೇಕು, ಆಮೇಲಿನವು ಬೇಡ ಅಂದರೆ? ಇಷ್ಟಕ್ಕೆ ಉತ್ತರ ಬರೆದರೆ ಭಾಷೆಯ ಅರ್ಧ ಕಷ್ಟದ ಜಾಗಗಳನ್ನು ನೋಡಿದ ಹಾಗೆ.

ಹೊಳೆಬದಿ
ಡಿಬೌನ್ಸ್‌ಗೂ ಥ್ರಾಟಲ್‌ಗೂ ವ್ಯತ್ಯಾಸ ಯಾರಾದರೂ ಒಂದೇ ಸಾಲಲ್ಲಿ ಹೇಳಿ, ಪ್ರತಿ ಸಲ ಗೊಂದಲ.

ಕರಾವಳಿ_ಗಾಳಿ
ಡಿಬೌನ್ಸ್: ಟೈಪ್ ಮಾಡೋದು ನಿಂತ ಮೇಲೆ ಒಂದು ಸಲ. ಥ್ರಾಟಲ್: ಸ್ಕ್ರೋಲ್ ಆಗುತ್ತಿರುವಾಗಲೂ ಇಷ್ಟು ಹೊತ್ತಿಗೊಮ್ಮೆ ಅಂತ ಲೆಕ್ಕವಾಗಿ.

ಹೊಳೆಬದಿ
ಧನ್ಯವಾದ. ಈಗ ಮರೆಯಲ್ಲ.

ನುಗ್ಗೆಕಾಯಿ_ಸಾರು
ಡಿಬೌನ್ಸ್ ಬರೆಯುವವರಿಗೆ ಒಂದು ಮಾತು. ಟೈಮರ್ ಹಚ್ಚುವ ಸೆಟ್‌ಟೈಮ್‌ಔಟ್‌ಗೆ ಮೇಲ್ಮಿತಿ ಇದೆ, 2147483647 ಮಿಲಿಸೆಕೆಂಡ್. ಸುಮಾರು 24.8 ದಿನ. ಅದಕ್ಕಿಂತ ಜಾಸ್ತಿ ಕೊಟ್ಟರೆ ಕಾಯುವುದೇ ಇಲ್ಲ, ಕೂಡಲೇ ಓಡುತ್ತದೆ. ಡಿಬೌನ್ಸ್‌ಗೆ ಅಷ್ಟು ಹೊತ್ತು ಯಾರೂ ಕೊಡುವುದಿಲ್ಲ ನಿಜ. ಆದರೆ ಅದೇ ಲೈಬ್ರರಿಗೆ ನಾಳೆ "ಒಂದು ತಿಂಗಳ ನಂತರ ನೆನಪಿಸು" ಅಂತ ಫಂಕ್ಷನ್ ಸೇರಿಸಿದರೆ ಸಿಕ್ಕಿಬೀಳುತ್ತೀರಿ.

ಗೋಡಂಬಿ_ಬರ್ಫಿ
ಎನ್‌ಪಿಎಂಗೆ ಮಾತ್ರ ಹಾಕಬೇಡಿ ದಯವಿಟ್ಟು. ಕಲಿಯಲು ಬರೆದ ಪ್ಯಾಕೇಜ್‌ಗಳು ಅಲ್ಲಿ ಈಗಾಗಲೇ ರಾಶಿ ಬಿದ್ದಿವೆ. 2016ರಲ್ಲಿ ಲೆಫ್ಟ್‌ಪ್ಯಾಡ್ ಅನ್ನೋ ಚಿಕ್ಕ ಪ್ಯಾಕೇಜ್‌ನಲ್ಲಿ ಬಗ್ ಬಂದು ಅರ್ಧ ಇಂಟರ್ನೆಟ್ ನಿಂತಿತ್ತಲ್ಲ, ಅಂಥದ್ದಕ್ಕೆಲ್ಲ ಇದೇ ದಾರಿ.

ಕಪ್ಪುಮಣ್ಣು
ಬಗ್ ಅಲ್ಲ. ಕೋಡ್ ಸರಿಯಾಗೇ ಇತ್ತು, ಬರೀ 11 ಸಾಲು. ಪ್ಯಾಕೇಜ್ ಹೆಸರಿನ ಒಂದು ಜಗಳದಲ್ಲಿ ಬೇಸರಗೊಂಡ ಲೇಖಕರು ತಮ್ಮ ಎಲ್ಲ ಪ್ಯಾಕೇಜ್‌ಗಳನ್ನೂ ಹಿಂತೆಗೆದುಕೊಂಡರು, 270ಕ್ಕೂ ಹೆಚ್ಚು. ಅದರಲ್ಲಿ ಲೆಫ್ಟ್‌ಪ್ಯಾಡ್ ಒಂದು. ಬೇಬಲ್‌ನಂಥ ದೊಡ್ಡ ಯೋಜನೆಗಳು ಅದನ್ನು ಒಳಗೊಳಗೇ ಅವಲಂಬಿಸಿದ್ದವು. ಇನ್‌ಸ್ಟಾಲ್ ಎಲ್ಲಾ ಕಡೆ ನಿಂತಿತು. ಎನ್‌ಪಿಎಂನವರು ಕೆಲವೇ ಗಂಟೆಗಳಲ್ಲಿ ಅದನ್ನು ವಾಪಸ್ ತಂದರು, ಆಮೇಲೆ ಹಿಂತೆಗೆಯುವ ನಿಯಮವನ್ನೂ ಬಿಗಿ ಮಾಡಿದರು.

ನನ್ನ ಪ್ರಕಾರ ಆ ಘಟನೆ "ಪ್ರಕಟಿಸಬೇಡಿ" ಅನ್ನುವುದಿಲ್ಲ. "11 ಸಾಲಿಗಾಗಿ ಹೊರಗಿನವರ ಮೇಲೆ ಅವಲಂಬಿಸಬೇಡಿ" ಅನ್ನುತ್ತದೆ. ಅಂದರೆ ಚಿಕ್ಕ ಫಂಕ್ಷನ್ ಸ್ವತಃ ಬರೆಯಲು ಬರಬೇಕು. ಈ ಹುಡುಗ ಮಾಡಲು ಹೊರಟಿರೋದೂ ಅದನ್ನೇ.

ಗೋಡಂಬಿ_ಬರ್ಫಿ
ಸರಿ, ವಿವರಕ್ಕೆ ಧನ್ಯವಾದ. ಆದರೂ ಪ್ರಕಟಣೆ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಪ್ಯಾಕೇಜ್ ಹಾಕಿದವರು ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು. ಕಲಿಯುವ ಹಂತದಲ್ಲಿ ಆ ಹೊಣೆ ಬೇಡ.

ಶರಾವತಿ_ಕಣಿವೆ
ನಡುವಿನ ದಾರಿ ಇದೆ. ಎನ್‌ಪಿಎಂನಲ್ಲಿ ನಿಮ್ಮ ಬಳಕೆದಾರ ಹೆಸರಿನ ಕೆಳಗೇ ಪ್ಯಾಕೇಜ್ ಹಾಕಬಹುದು. ಸಾಮಾನ್ಯ ಹೆಸರು ಯಾವುದನ್ನೂ ಹಿಡಿದಿಟ್ಟ ಹಾಗಾಗುವುದಿಲ್ಲ. ಪ್ರಕಟಿಸುವುದರಿಂದ ಕಲಿಯುವುದು ಬೇರೆಯೇ ಇದೆ. ಪ್ಯಾಕೇಜ್ ಫೈಲ್‌ನಲ್ಲಿ ಎಕ್ಸ್‌ಪೋರ್ಟ್ಸ್ ಬರೆಯೋದು, ಕಾಮನ್‌ಜೆಎಸ್‌ಗೂ ಇಎಸ್ ಮಾಡ್ಯೂಲ್‌ಗೂ (ಫೈಲ್‌ಗಳನ್ನು ಜೋಡಿಸುವ ಹಳೇ, ಹೊಸ ಪದ್ಧತಿ) ವ್ಯತ್ಯಾಸ, ಬಳಸದ ಫಂಕ್ಷನ್‌ಗಳನ್ನು ಬಂಡ್ಲರ್ (ಫೈಲ್‌ಗಳನ್ನು ಒಂದುಗೂಡಿಸುವ ಸಲಕರಣೆ) ಹೇಗೆ ಉದುರಿಸುತ್ತದೆ, ಆವೃತ್ತಿ ಸಂಖ್ಯೆಯ ಮೂರು ಭಾಗಗಳನ್ನು ಯಾವಾಗ ಏರಿಸಬೇಕು. ಇದನ್ನೆಲ್ಲ ಓದಿ ತಿಳಿಯೋದು ಕಷ್ಟ. ಒಂದು ಸಲ ಪ್ಯಾಕ್ ಮಾಡಿ, ಬೇರೆ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಹೀಗೆ ನಿಮ್ಮ ಮೆಷಿನ್‌ನಲ್ಲೇ ಪರೀಕ್ಷಿಸಲು ಪ್ರಕಟಿಸುವ ಅಗತ್ಯವೂ ಇಲ್ಲ.

ರಾಗಿಹೊಲ
ಯಾರೂ ಟೆಸ್ಟ್ ಬಗ್ಗೆ ಮಾತಾಡಲಿಲ್ಲ. ಲೈಬ್ರರಿ ಯೋಜನೆಯ ದೊಡ್ಡ ಲಾಭವೇ ಟೆಸ್ಟ್ ಬರೆಯುವ ಅಭ್ಯಾಸ. ಇದರಲ್ಲಿ ಸ್ಕ್ರೀನ್ ಇಲ್ಲ, ಸರ್ವರ್ ಇಲ್ಲ. ಒಳಗೆ ಏನು ಹೋಯ್ತು, ಹೊರಗೆ ಏನು ಬಂತು, ಅಷ್ಟೇ. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 20ನೇ ಆವೃತ್ತಿಯಿಂದ ಟೆಸ್ಟ್ ರನ್ನರ್ ನೋಡ್ ಜೊತೆಗೇ ಗಟ್ಟಿಯಾಗಿ ಬರುತ್ತದೆ. ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಚಂಕ್‌ನಂಥ ಸುಲಭದ್ದಕ್ಕೂ ಪ್ರಶ್ನೆಗಳಿವೆ. ಖಾಲಿ ಅರೇ ಕೊಟ್ಟರೆ? ಗಾತ್ರ ಸೊನ್ನೆ ಕೊಟ್ಟರೆ? ಇಲ್ಲಿ ಎಚ್ಚರ ತಪ್ಪಿದರೆ ಲೂಪ್ ಮುಗಿಯೋದೇ ಇಲ್ಲ. ಗಾತ್ರ 2.5 ಕೊಟ್ಟರೆ? ಸ್ಟ್ರಿಂಗ್ ಕೊಟ್ಟರೆ? ಎರರ್ ಎಸೆಯಬೇಕೋ, ಖಾಲಿ ಅರೇ ಕೊಡಬೇಕೋ ಅನ್ನೋದು ನಿಮ್ಮ ತೀರ್ಮಾನ. ಅದನ್ನು ಟೆಸ್ಟ್‌ನಲ್ಲಿ ಬರೆದಿಡಿ.

ಭಾಷೆಯ ಹಳೇ ಗುಣಗಳೂ ಇಲ್ಲೇ ಎದುರಾಗುತ್ತವೆ. ನಲ್‌ನ ('ಏನೂ ಇಲ್ಲ' ಅನ್ನೋ ಬೆಲೆ) ಟೈಪ್ ಕೇಳಿದರೆ ಆಬ್ಜೆಕ್ಟ್ ಅನ್ನುತ್ತದೆ, 1995ರಿಂದಲೂ ಹಾಗೇ. ನ್ಯಾನ್ ('ಸಂಖ್ಯೆ ಅಲ್ಲ' ಅನ್ನೋ ಬೆಲೆ) ತನಗೆ ತಾನೇ ಸಮ ಅಲ್ಲ. ಅರೇಯಲ್ಲಿ ನ್ಯಾನ್ ಇದ್ದರೂ ಇಂಡೆಕ್ಸ್‌ಆಫ್ ಅದನ್ನು ಕಾಣುವುದಿಲ್ಲ, ಇನ್‌ಕ್ಲೂಡ್ಸ್ ಕಾಣುತ್ತದೆ. 1, 2, 10 ಇರುವ ಅರೇಯನ್ನು ಸುಮ್ನೆ ಸಾರ್ಟ್ ಮಾಡಿದರೆ 1, 10, 2 ಬರುತ್ತದೆ, ಸಂಖ್ಯೆಗಳನ್ನು ಅಕ್ಷರಗಳಂತೆ ಹೋಲಿಸುವುದರಿಂದ.

ಕರಾವಳಿ_ಗಾಳಿ
ನನ್ನ ಮೆಚ್ಚಿನದ್ದು: "1", "2", "3" ಇರುವ ಅರೇ ಮೇಲೆ ಮ್ಯಾಪ್ ಮಾಡಿ (ಪ್ರತಿಯೊಂದರ ಮೇಲೂ ಒಂದು ಫಂಕ್ಷನ್ ಓಡಿಸೋದು), ನೇರವಾಗಿ ಪಾರ್ಸ್‌ಇಂಟ್ (ಸ್ಟ್ರಿಂಗ್ ಅನ್ನು ಸಂಖ್ಯೆ ಮಾಡುವುದು) ಕೊಡಿ. ಉತ್ತರ 1, ನ್ಯಾನ್, ನ್ಯಾನ್. ಮ್ಯಾಪ್ ಎರಡನೇ ಆರ್ಗ್ಯುಮೆಂಟ್ ಆಗಿ ಇಂಡೆಕ್ಸ್ ಕಳಿಸುತ್ತದೆ, ಪಾರ್ಸ್‌ಇಂಟ್ ಅದನ್ನು ಸಂಖ್ಯಾಪದ್ಧತಿಯ ಬುಡ ಅಂತ ತಿಳಿಯುತ್ತದೆ. 'ಯೂನರಿ' ಅಂತ ಒಂದು ಪುಟ್ಟ ಫಂಕ್ಷನ್ ಬರೆಯಿರಿ, ಒಂದೇ ಆರ್ಗ್ಯುಮೆಂಟ್ ದಾಟಿಸುವಂಥದ್ದು. ಆಗ ಇಂಥ ಫಂಕ್ಷನ್ ಯಾಕೆ ಬೇಕು ಅಂತ ತಾನಾಗೇ ಗೊತ್ತಾಗುತ್ತದೆ.

ಬಿಸಿಲೂರು
ಶಫಲ್ ಕೂಡ ಕೈಯಾರೆ ಬರೆಯಬೇಕಾದ್ದು. ಸಾರ್ಟ್ ಒಳಗೆ ರ‍್ಯಾಂಡಮ್ ಹಾಕುವ ಒಂದು ಸಾಲಿನ ಉಪಾಯ ಎಲ್ಲ ಕಡೆ ಸಿಗುತ್ತದೆ, ಅದು ಪಕ್ಷಪಾತಿ. ಪ್ರತಿ ಜಾಗವನ್ನೂ ಯಾವುದೋ ಒಂದು ಜಾಗದ ಜೊತೆ ಅದಲು ಬದಲು ಮಾಡುವ ವಿಧಾನವೂ ಸರಿಯಲ್ಲ. ಮೂರು ಇಸ್ಪೀಟ್ ಎಲೆ ಇದ್ದರೆ ಅದರಲ್ಲಿ 27 ದಾರಿಗಳಿವೆ, ಆದರೆ ಸಾಧ್ಯ ಇರುವ ಜೋಡಣೆ 6 ಮಾತ್ರ. 27 ಅನ್ನು 6ರಿಂದ ಸಮ ಭಾಗ ಮಾಡಲಾಗದು, ಹಾಗಾಗಿ ಕೆಲವು ಜೋಡಣೆ ಜಾಸ್ತಿ ಬಂದೇ ಬರುತ್ತವೆ. ಫಿಶರ್-ಯೇಟ್ಸ್‌ನಲ್ಲಿ ಕೊನೆಯಿಂದ ಶುರು ಮಾಡಿ, ಇನ್ನೂ ತೀರ್ಮಾನ ಆಗದ ಭಾಗದಿಂದ ಮಾತ್ರ ಆರಿಸುತ್ತೇವೆ. 3 × 2 × 1, ಸರಿಯಾಗಿ 6.

ರಾಗಿಹೊಲ
ಎಷ್ಟು ಚೆನ್ನಾಗಿ ಹೇಳಿದಿರಿ. ಇದನ್ನು ಟೆಸ್ಟ್ ಆಗಿಯೂ ಬರೆಯಬಹುದು, ಸಾವಿರಾರು ಸಲ ಓಡಿಸಿ ಎಣಿಸಿ.

ಜೋಗದ_ಹನಿ
ಆಬ್ಜೆಕ್ಟ್‌ಗಳನ್ನು ಆಳದವರೆಗೆ ಬೆರೆಸುವ ಡೀಪ್ ಮರ್ಜ್ ಬರೆಯುವವರು ಭದ್ರತೆಯ ಪಾಠವನ್ನೂ ಜೊತೆಗೆ ಕಲಿಯಿರಿ. ಹೊರಗಿನಿಂದ ಬಂದ ಜೇಸನ್‌ನಲ್ಲಿ (ಪಠ್ಯವಾಗಿ ಬರುವ ಡೇಟಾ) ಅಂಡರ್‌ಸ್ಕೋರ್ ಗುರುತುಗಳಿಂದ (_) ಸುತ್ತಿದ 'ಪ್ರೋಟೋ' ಎಂಬ ಕೀ ಇದ್ದು, ನೀವು ಕಣ್ಣುಮುಚ್ಚಿ ಒಳಗಿಳಿದು ಬೆರೆಸಿದರೆ ಪ್ರೋಗ್ರಾಮ್‌ನ ಎಲ್ಲ ಆಬ್ಜೆಕ್ಟ್‌ಗಳಿಗೂ ಆ ಗುಣ ಅಂಟುತ್ತದೆ. ಲೋಡ್ಯಾಶ್‌ನಲ್ಲೇ ಈ ದೋಷ ಸಿಕ್ಕಿ 2019ರಲ್ಲಿ 4.17.12ರಲ್ಲಿ ಸರಿ ಮಾಡಿದರು. ಅಷ್ಟು ಜನ ಕಣ್ಣಿಟ್ಟ ಕೋಡ್‌ನಲ್ಲೇ ಇತ್ತು ಅಂದರೆ ಯೋಚಿಸಿ.

ಡೀಪ್ ಕ್ಲೋನ್‌ಗೆ ಜೇಸನ್ ಮಾಡಿ ಮತ್ತೆ ಪಾರ್ಸ್ ಮಾಡುವ ಉಪಾಯ ಮೊದಲು ಪ್ರಯತ್ನಿಸಿ, ಏನೇನು ಕಳೆದುಹೋಯ್ತು ಅಂತ ಪಟ್ಟಿ ಮಾಡಿ. ದಿನಾಂಕ ಸ್ಟ್ರಿಂಗ್ ಆಗಿರುತ್ತದೆ, ಅನ್‌ಡಿಫೈನ್ಡ್ ಮಾಯ, ನ್ಯಾನ್ ಹೋಗಿ ನಲ್ ಆಗಿರುತ್ತದೆ. ಆಬ್ಜೆಕ್ಟ್ ತನ್ನನ್ನೇ ತೋರಿಸುತ್ತಿದ್ದರೆ ಎರರ್. ಆಮೇಲೆ ವೀಕ್‌ಮ್ಯಾಪ್ ಬಳಸಿ (ಈಗಾಗಲೇ ನಕಲು ಮಾಡಿದ ಆಬ್ಜೆಕ್ಟ್ ನೆನಪಿಡಲು) ನೀವೇ ಬರೆಯಿರಿ.

ಹಡ್ಸನ್_ಕನ್ನಡಿಗ
ದಿನಾಂಕ ಅಂದಾಗ ನೆನಪಾಯ್ತು. ನಾನಿರೋದು ನ್ಯೂಜೆರ್ಸಿಯಲ್ಲಿ. ಭಾರತದ ತಂಡ ಬರೆದ ದಿನಾಂಕದ ಕೋಡ್ ಇಲ್ಲಿ ಒಂದು ದಿನ ಹಿಂದೆ ತೋರಿಸುವುದು ಮಾಮೂಲು. 2024-01-15 ಅಂತ ಬರೀ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ (ಜಾಗತಿಕ ಸಮಯ) ಮಧ್ಯರಾತ್ರಿ ಅಂತ ಓದುತ್ತದೆ. ಬೆಂಗಳೂರಿನಲ್ಲಿ ಅದು ಅದೇ ದಿನ ಬೆಳಗ್ಗೆ 5:30, ಯಾರಿಗೂ ಗೊತ್ತಾಗಲ್ಲ. ಇಲ್ಲಿ ಹಿಂದಿನ ದಿನ ಸಂಜೆ 7. ಅದೇ ದಿನಾಂಕಕ್ಕೆ ಸಮಯ ಸೇರಿಸಿ, ವಲಯ ಹೇಳದೆ ಕೊಟ್ಟರೆ ಸ್ಥಳೀಯ ಸಮಯ ಅಂತ ಓದುತ್ತದೆ. ಲೈಬ್ರರಿಗೆ ದಿನಾಂಕದ ಫಂಕ್ಷನ್ ಸೇರಿಸುವುದಾದರೆ ಟೆಸ್ಟ್‌ಗಳನ್ನು ಕನಿಷ್ಠ ಎರಡು ಸಮಯವಲಯದಲ್ಲಿ ಓಡಿಸಿ.

ಅಂಕಣ_ಓದುಗ
ಎಲ್ಲ ಸರಿ. ಆದರೆ ಎಲ್ಲರೂ ಹೇಳುತ್ತಿರೋದು ಈಗಾಗಲೇ ಬೇರೆಯವರು ಚೆನ್ನಾಗಿ ಬರೆದಿಟ್ಟಿರುವ ಫಂಕ್ಷನ್‌ಗಳು. ನಾನೊಂದು ಬೇರೆ ದಾರಿ ಹೇಳುತ್ತೇನೆ. ಕನ್ನಡದ ಸ್ಟ್ರಿಂಗ್ ಮೇಲೆ ಕೆಲಸ ಮಾಡುವ ಚಿಕ್ಕ ಲೈಬ್ರರಿ ಮಾಡಿ. ನಿಜವಾದ ಅಗತ್ಯ ಇದೆ.

"ಕನ್ನಡ" ಪದದ ಲೆಂತ್ ಕೇಳಿ ನೋಡಿ. 5 ಬರುತ್ತದೆ. ಕ, ನ, ವಿರಾಮ ಚಿಹ್ನೆ (ಅರ್ಧಾಕ್ಷರ ಮಾಡುವ ಗುರುತು, ಪೂರ್ಣವಿರಾಮದಂಥದ್ದಲ್ಲ), ನ, ಡ. "ಬೆಂಗಳೂರು" 8. ಅದನ್ನು ಮಾಮೂಲು ರೀತಿಯಲ್ಲಿ ತಿರುಗುಮುರುಗು ಮಾಡಿದರೆ ಮೊದಲಿಗೇ ಕೊಂಬು ಬಂದು ಕೂರುತ್ತದೆ, ಹಿಡಿದುಕೊಳ್ಳಲು ಅಕ್ಷರವೇ ಇರುವುದಿಲ್ಲ. "ಶಿವಮೊಗ್ಗ" ಪದವನ್ನು 7ಕ್ಕೆ ಕತ್ತರಿಸಿದರೆ "ಶಿವಮೊಗ್" ಉಳಿಯುತ್ತದೆ. ನಾನು ಕನ್ನಡ ಸುದ್ದಿಯ ಆಪ್ ಒಂದರಲ್ಲಿ ಕೆಲಸ ಮಾಡಿದ್ದೇನೆ. ತಲೆಬರಹಗಳು ಹೀಗೆ ಅರ್ಧ ಅಕ್ಷರಕ್ಕೆ ತುಂಡಾಗಿ ನೋಟಿಫಿಕೇಶನ್‌ನಲ್ಲಿ ಹೋಗುತ್ತಿದ್ದವು. ಓದುಗರಿಗೆ ಅದು ಎಷ್ಟು ಕಿರಿಕಿರಿ ಅಂತ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು. ಒ-ಸ್ವರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಹಾಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು "ಶಿವಮೊಗ್ಗ"ಗಳಲ್ಲಿ ಒಂದರ ಉದ್ದ 8, ಇನ್ನೊಂದರದ್ದು 9. ಹೋಲಿಸಿದರೆ ಸಮ ಅಲ್ಲ ಅನ್ನುತ್ತದೆ. ನಾರ್ಮಲೈಸ್ ಮಾಡಿದ ಮೇಲೆ (ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆ) ಮಾತ್ರ ಒಂದಾಗುತ್ತವೆ.

ಖಾರಮಂಡಕ್ಕಿ
ಇದು ಬೇಕಾದ ಲೈಬ್ರರಿ. ನನ್ನ ವಿರೋಧ ವಾಪಸ್. ಆದರೆ ಇದಕ್ಕೂ ಭಾಷೆಯಲ್ಲೇ ಉತ್ತರ ಇದೆಯಲ್ಲ, ಪಠ್ಯವನ್ನು ಅಕ್ಷರಗಳಾಗಿ ತುಂಡು ಮಾಡುವ ಇಂಟಲ್ ಸೆಗ್ಮೆಂಟರ್. 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂತು.

ಅಂಕಣ_ಓದುಗ
ಅದರಿಂದ ಮುಕ್ಕಾಲು ಕೆಲಸ ಆಗುತ್ತದೆ, ಪೂರ್ತಿ ಅಲ್ಲ. ಅದಕ್ಕೆ "ಕನ್ನಡ" ಕೊಡಿ. 4 ತುಂಡು ಬರುತ್ತವೆ: ಕ, ನ್, ನ, ಡ. ಸ್ವರಚಿಹ್ನೆಗಳನ್ನು ಸರಿಯಾಗಿ ಹಿಡಿಯುತ್ತದೆ, ಒತ್ತಕ್ಷರವನ್ನು ಒಡೆಯುತ್ತದೆ. ಯೂನಿಕೋಡ್ 15.1ರಲ್ಲಿ ದೇವನಾಗರಿ, ತೆಲುಗು, ಮಲಯಾಳಂನಂಥ ಕೆಲವು ಲಿಪಿಗಳಿಗೆ ಒತ್ತಕ್ಷರ ಕೂಡಿಸುವ ನಿಯಮ ಸೇರಿಸಿದರು, ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಉಳಿದ ಕಾಲುಭಾಗ ನಾವೇ ಬರೆಯಬೇಕು.

ನಿಯಮ ಸರಳ. ತುಂಡು ವಿರಾಮ ಚಿಹ್ನೆಯಲ್ಲಿ ಮುಗಿದು, ಮುಂದಿನ ತುಂಡು ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸಿ. ವ್ಯಂಜನ ಹೌದಾ ಅಂತ ನೋಡಲೇಬೇಕು. ಇಲ್ಲದಿದ್ದರೆ "ಬಸ್ ನಿಲ್ದಾಣ"ದಲ್ಲಿ ಸ್ ಹೋಗಿ ಖಾಲಿ ಜಾಗಕ್ಕೆ ಅಂಟುತ್ತದೆ. ಕ ಇಂದ ಹ ವರೆಗೆ ಅಂತ ರೇಂಜ್ ಹಾಕಿದರೆ ಹಳಗನ್ನಡದ ೞ ತಪ್ಪಿಹೋಗುತ್ತದೆ, ಅದರ ಸಂಕೇತ ಬೇರೆ ಕಡೆ ಇದೆ.

ಮಲೆನಾಡ_ಮಳೆ
ಹಾಗಾದರೆ "ಫೋನ್‌ನಲ್ಲಿ" ಏನಾಗುತ್ತದೆ? ಅಲ್ಲಿ ನ್ ಆದ ಮೇಲೆ ನ ಬಂದರೂ ಒತ್ತು ಆಗಬಾರದು.

ಅಂಕಣ_ಓದುಗ
ಒಳ್ಳೆ ಪ್ರಶ್ನೆ. ಅಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, ಝಡ್‌ಡಬ್ಲ್ಯುಎನ್‌ಜೆ. ಸೆಗ್ಮೆಂಟರ್ ಅದನ್ನು ಹಿಂದಿನ ನ್ ಜೊತೆಗೇ ಇಡುತ್ತದೆ. ಆಗ ಆ ತುಂಡಿನ ಕೊನೆಯಲ್ಲಿ ವಿರಾಮ ಚಿಹ್ನೆ ಇರುವುದಿಲ್ಲ, ಈ ಸಂಕೇತ ಇರುತ್ತದೆ. ನಿಯಮ ತಾನಾಗೇ ಅನ್ವಯ ಆಗುವುದಿಲ್ಲ. ಫೋ, ನ್, ನ, ಲ್ಲಿ. ಸರಿಯಾಗಿ 4.

ನುಗ್ಗೆಕಾಯಿ_ಸಾರು
ಆದರೆ ಲೆಂತ್ 5 ಅನ್ನೋದು ತಪ್ಪು ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ತಪ್ಪಲ್ಲ. ಯಾತಕ್ಕೆ ಎಣಿಸುತ್ತೀರಿ ಅನ್ನೋದರ ಮೇಲಿದೆ. ಕನ್ನಡ ಎಸ್‌ಎಂಎಸ್ ಒಂದರಲ್ಲಿ 70 ಮಾತ್ರ ಹಿಡಿಯುತ್ತದೆ, ಇಂಗ್ಲಿಷ್‌ನಂತೆ 160 ಅಲ್ಲ. ಆ 70 ಎಣಿಸುವುದು ಲೆಂತ್ ಎಣಿಸಿದ ಹಾಗೇ. ಅಲ್ಲಿ "ಕನ್ನಡ" 5 ಅನ್ನೋದೇ ಸರಿ. ಡೇಟಾಬೇಸ್‌ನಲ್ಲಿ ಬೈಟ್ ಮಿತಿ ಇದ್ದರೆ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಅಲ್ಲಿ ಅದು 15. ಓದುಗರಿಗೆ ತೋರಿಸುವಾಗ 3. ಹಾಗಾಗಿ ಲೈಬ್ರರಿಯಲ್ಲಿ 'ಉದ್ದ' ಅಂತ ಒಂದೇ ಫಂಕ್ಷನ್ ಇಡಬೇಡಿ. ಮೂರಕ್ಕೂ ಬೇರೆ ಬೇರೆ ಹೆಸರಿಡಿ.

ಕಪ್ಪುಮಣ್ಣು
ಇಡೀ ಚರ್ಚೆಯಲ್ಲಿ ಬಹಳ ಉಪಯೋಗದ ಮಾತು ಇದು.

ಗೋಡಂಬಿ_ಬರ್ಫಿ
ತಲೆಬರಹ ಕತ್ತರಿಸಲು ಸಿಎಸ್‌ಎಸ್‌ನಲ್ಲೇ (ಪುಟದ ವಿನ್ಯಾಸ ಹೇಳುವ ಭಾಷೆ) ಎಲಿಪ್ಸಿಸ್ (ಕೊನೆಗೆ ಮೂರು ಚುಕ್ಕಿ) ಇದೆ, ಲೈಬ್ರರಿ ಯಾಕೆ?

ಅಂಕಣ_ಓದುಗ
ಪುಟದಲ್ಲಿ ಆದರೆ ಸಿಎಸ್‌ಎಸ್ ಸಾಕು, ಅದೇ ಸರಿ. ಪುಶ್ ನೋಟಿಫಿಕೇಶನ್, ಹುಡುಕಾಟದ ಫಲಿತಾಂಶಕ್ಕೆ ಕೊಡುವ ವಿವರಣೆ, ಹಂಚಿಕೊಂಡ ಲಿಂಕ್‌ನ ಕಾರ್ಡ್, ಇವಕ್ಕೆಲ್ಲ ಸರ್ವರ್‌ನಲ್ಲೇ ಕತ್ತರಿಸಿ ಕಳಿಸಬೇಕು. ಅಲ್ಲಿ ಸಿಎಸ್‌ಎಸ್ ಇಲ್ಲ.

ಬಿಸಿಲೂರು
ಸ್ವಲ್ಪ ಹೊರಗಿನ ವಿಷಯ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್, ಫಂಕ್ಷನ್ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಗೊತ್ತಾ? 'ಅಕ್ಷರಎಣಿಸು' ಅಂತ ಫಂಕ್ಷನ್ ಬರೆದರೆ ಸರಿಯಾಗಿ ಓಡುತ್ತದೆ.

ಹೊಳೆಬದಿ
ಅಯ್ಯೋ ಈಗಲೇ ಪ್ರಯತ್ನಿಸಿದೆ, ಓಡುತ್ತದೆ! ತಂಗಿಗೆ ಕಲಿಸುವಾಗ ಹೀಗೇ ಕಲಿಸುತ್ತೇನೆ.

ಮಲೆನಾಡ_ಮಳೆ
ಕಲಿಸಲು ಚೆನ್ನ. ಹತ್ತು ಜನ ಬಳಸುವ ಲೈಬ್ರರಿಯಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಆ ಕಾಣದ ಝಡ್‌ಡಬ್ಲ್ಯುಎನ್‌ಜೆ ವೇರಿಯಬಲ್ ಹೆಸರಿನ ಒಳಗೂ ಬರಬಹುದು. ನೋಡಲು ಒಂದೇ ಇರುವ ಎರಡು ಹೆಸರು ಬೇರೆ ಬೇರೆ ವೇರಿಯಬಲ್ ಆಗಿಬಿಟ್ಟರೆ ಹುಡುಕುವುದು ಬಹಳ ಕಷ್ಟ.

ಪಂಪಾಸರೋವರ
ನಾನು ಕೋಡಿಂಗ್‌ನವಳಲ್ಲ, ಕನ್ನಡ ಮೇಷ್ಟ್ರು. ಮಗ ಈ ಚರ್ಚೆ ತೋರಿಸಿದ. ನಿಮ್ಮ ಎಣಿಕೆಯಲ್ಲಿ ಒಂದು ತಕರಾರಿದೆ. "ಬಸ್" ಪದದಲ್ಲಿ ಸ್ ಅನ್ನು ಬೇರೆ ಅಕ್ಷರವಾಗಿ ಎಣಿಸುತ್ತಿದ್ದೀರಿ. ಛಂದಸ್ಸಿನಲ್ಲಿ ಹಾಗೆ ಎಣಿಸುವುದಿಲ್ಲ. ಕೊನೆಯ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರು ಮಾಡುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ದೀರ್ಘ, ಅನುಸ್ವಾರ, ವಿಸರ್ಗ ಇದ್ದರೂ ಗುರು. ಲಘುವಿಗೆ 1 ಮಾತ್ರೆ, ಗುರುವಿಗೆ 2.

ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23. ಮಕ್ಕಳು ಪ್ರಸ್ತಾರ ಹಾಕಿದ್ದು ಸರಿಯೇ ಅಂತ ತೋರಿಸುವ ಒಂದು ಸಲಕರಣೆ ಇದ್ದರೆ ಶಾಲೆಗಳಿಗೆ ನಿಜವಾಗಿ ಉಪಯೋಗ. ಯಾರಾದರೂ ಮಾಡಿ.

ಶರಾವತಿ_ಕಣಿವೆ
ಮೇಡಂ, ನೀವು ಹೇಳಿದ ನಿಯಮಗಳೇ ಟೆಸ್ಟ್‌ಗಳಾಗುತ್ತವೆ. ಇಷ್ಟು ಸ್ಪಷ್ಟವಾಗಿ ಕ್ಲೈಂಟ್‌ಗಳೂ ಹೇಳುವುದಿಲ್ಲ.

ಬೆಣ್ಣೆದೋಸೆ_ಪ್ರಿಯ
ಎಲ್ಲರಿಗೂ ಮನಸಾರೆ ಧನ್ಯವಾದ. ದೊಡ್ಡ ಪಟ್ಟಿ ಕೈಬಿಟ್ಟೆ. ಡಿಬೌನ್ಸ್ ಮೊದಲು ಬರೆಯುತ್ತೇನೆ, ಶರಾವತಿ_ಕಣಿವೆ ಅವರ ಎಲ್ಲ ಪ್ರಶ್ನೆಗೂ ಒಂದೊಂದು ಟೆಸ್ಟ್. ಆಮೇಲೆ ಪೂರ್ತಿ ಕನ್ನಡ ಸ್ಟ್ರಿಂಗ್ ಕಡೆಗೇ. ಅಕ್ಷರ ಎಣಿಸೋದು, ಅಕ್ಷರ ಒಡೆಯದೆ ಕತ್ತರಿಸೋದು, ಎಸ್‌ಎಂಎಸ್ ಲೆಕ್ಕ, ಬೈಟ್ ಲೆಕ್ಕ. ಅದು ಗಟ್ಟಿಯಾದ ಮೇಲೆ ಮೇಡಂ ಹೇಳಿದ ಮಾತ್ರೆ ಎಣಿಕೆ.

ಅಕ್ಷರ ಎಣಿಸುವುದರ ಮೊದಲ ರೂಪ ಈಗಲೇ ಬರೆದು ನೋಡಿದೆ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಎರಡೆರಡಾಗಿ ನೋಡಿ ಸೇರಿಸುತ್ತಿದ್ದೇನೆ. "ಕನ್ನಡ" 3 ಬಂತು, "ಬಸ್ ನಿಲ್ದಾಣ" ಸರಿ ಇದೆ, "ಫೋನ್‌ನಲ್ಲಿ" 4. ಆದರೆ "ರಾಷ್ಟ್ರ" 3 ಅನ್ನುತ್ತಿದೆ, 2 ಬರಬೇಕಲ್ವಾ?

ಅಂಕಣ_ಓದುಗ
ಅಲ್ಲಿ ತುಂಡುಗಳು ರಾ, ಷ್, ಟ್, ರ. ನೀವು ಷ್ ಮತ್ತು ಟ್ ಸೇರಿಸಿದ ಮೇಲೆ ಮುಂದಿನ ಜೋಡಿಗೆ ಹಾರುತ್ತಿದ್ದೀರಿ, ರ ಒಂಟಿಯಾಗುತ್ತಿದೆ. ಮೂಲ ಪಟ್ಟಿಯನ್ನು ಜೋಡಿಯಾಗಿ ನೋಡಬೇಡಿ. ಉತ್ತರದ ಅರೇಯಲ್ಲಿ ಈಗಾಗಲೇ ಇರುವ ಕೊನೆಯ ತುಂಡನ್ನು ನೋಡಿ. ಅದು ವಿರಾಮ ಚಿಹ್ನೆಯಲ್ಲಿ ಮುಗಿದಿದ್ದು ಈಗ ಬಂದದ್ದು ವ್ಯಂಜನದಿಂದ ಶುರುವಾದರೆ ಅದಕ್ಕೇ ಅಂಟಿಸಿ. ಇಲ್ಲವಾದರೆ ಹೊಸದಾಗಿ ಸೇರಿಸಿ. "ಸ್ತ್ರೀ" ಕೊಟ್ಟು ನೋಡಿ, 1 ಬರಬೇಕು. "ರ‍್ಯಾಂಕ್" 2.

ಬೆಣ್ಣೆದೋಸೆ_ಪ್ರಿಯ
ಬಂತು! ಮೂರೂ ಸರಿ. ಟೆಸ್ಟ್ ಫೈಲ್‌ಗೆ ಸೇರಿಸಿದೆ. ಗಿಟ್‌ಹಬ್‌ಗೆ ಹಾಕಿ ಲಿಂಕ್ ಇಲ್ಲೇ ಕೊಡುತ್ತೇನೆ.

ರಾಗಿಹೊಲ
ಹಾಕುವ ಮೊದಲು ಖಾಲಿ ಸ್ಟ್ರಿಂಗ್, ಬರೀ ಅಂಕಿ, ಕನ್ನಡ-ಇಂಗ್ಲಿಷ್ ಬೆರೆತದ್ದು, ಎಮೋಜಿ ಇರುವುದು, ಇವಕ್ಕೂ ಟೆಸ್ಟ್ ಇಡಿ. ಬಿಡಿಸಿ ಬರೆದ "ಶಿವಮೊಗ್ಗ"ವನ್ನೂ ಮರೆಯಬೇಡಿ.

ಕರಾವಳಿ_ಗಾಳಿ
ತುಳು, ಕೊಂಕಣಿ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ಕೆಲವು ನಾನು ಕಳಿಸುತ್ತೇನೆ.